ಗರಸು ದಾರಿಯಲ್ಲಿ ಜಲಜಕ್ಕನ ಗಂಡ

ನನ್ನ ಸೈಕಲ್ಲಿನ ಎರಡು ಗಾಲಿಗಳೂ ತಿರುಗುವುದನ್ನು ನಿಲ್ಲಿಸಿದ್ದು ಒಂದು ಸಣ್ಣ ಮಳೆಗೆ. ಅದನ್ನು ಮಳೆ ಎಂದರೆ ಕುಂದಾಪುರದ ನೀವು ನಗುತ್ತೀರಿ. ನಮ್ಮಲ್ಲಿ ಅಷ್ಟಕ್ಕೆ ಯಾರೂ ಕೊಡೆ ಬಿಡಿಸುವುದಿಲ್ಲ. ಅಂಗಿಯ ಹೆಗಲು ಒದ್ದೆಯಾಗುವಷ್ಟು ಬಂತು, ಹೋಯಿತು. ನಾನು ಮುಂಡರಗಿಗೆ ಬಂದು ನಾಲ್ಕನೆಯ ದಿನ ಅದು. ಊರ ಹೊರಗಿನ ಹೊಲದ ದಾರಿ ಹಿಡಿದು ತುಂಗಭದ್ರೆಯನ್ನು ನೋಡಿ ಬರೋಣವೆಂದು ಹೊರಟಿದ್ದೆ. ನೂರು ಮಾರು ಹೋಗುವಷ್ಟರಲ್ಲಿ ಟೈರಿಗೆ ಕಪ್ಪು ಮಣ್ಣು ಕಲಸಿದ ಹಿಟ್ಟಿನಂತೆ ಮೆತ್ತಿಕೊಂಡಿತು. ಇನ್ನೂ ಹತ್ತು ಮಾರಿಗೆ ಬ್ರೇಕಿನ ಸಂದಿ, ಚೈನು ಎಲ್ಲ ತುಂಬಿ ಗಾಲಿ ನಿಂತೇ ಹೋಯಿತು. ಇಳಿದು ತಳ್ಳಿದೆ, ಜಗ್ಗಲಿಲ್ಲ. ಎತ್ತಿದೆ, ಸೈಕಲ್ಲಿನ ತೂಕ ಎರಡರಷ್ಟಾಗಿತ್ತು. ನನ್ನ ಬೂಟುಗಳೂ ಒಂದೊಂದು ಹೆಜ್ಜೆಗೆ ಒಂದೊಂದು ಸೇರು ಮಣ್ಣು ಹೊತ್ತು ಬರುತ್ತಿದ್ದವು.

ತಲೆಯ ಮೇಲೆ ಗೋಣಿಚೀಲ ಹೊದ್ದು ಒಡ್ಡಿನ ಮೇಲೆ ನಿಂತಿದ್ದ ರೈತರೊಬ್ಬರು ಇದನ್ನೆಲ್ಲ ನೋಡುತ್ತಿದ್ದರು.

"ಎರಿ ಮಣ್ಣ ಐತ್ರಿ ಇದು," ಎಂದರು. "ಹಸೀ ಇದ್ದಾಗ ಯಾರನ್ನೂ ಬಿಡಂಗಿಲ್ಲ. ಸೈಕಲ್ ಹೆಗಲ ಮ್ಯಾಲ ಇಟಗೊಂಡು ಗರಸಿನ ದಾರಿ ಹಿಡೀರಿ."

ಎರಿ ಎಂದರೆ ಕಪ್ಪು ಮಣ್ಣು. ಗರಸು ಎಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು. ಅದನ್ನು ಹಾಸಿದ ದಾರಿ ಮಳೆಗೆ ಅಂಟುವುದಿಲ್ಲ, ಬಿಸಿಲಿಗೆ ಬಿರಿಯುವುದಿಲ್ಲ. ಈ ಊರಿನಲ್ಲಿ ನಾನು ಕಲಿತ ಮೊದಲ ಎರಡು ಮಾತುಗಳು ಇವು. ವರ್ಷದ ಐದು ತಿಂಗಳು ನೀರಿನಲ್ಲೇ ಸೈಕಲ್ ತುಳಿದು ಬೆಳೆದ ನಾನು ಆ ದಿನ ಸೈಕಲ್ಲನ್ನು ಹೊತ್ತುಕೊಂಡು ಮನೆಗೆ ಬಂದೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಜಲಜ ನನ್ನನ್ನು ನೋಡಿ, ಊರು ಬಿಟ್ಟ ಮೇಲೆ ಮೊದಲ ಬಾರಿಗೆ ನಕ್ಕಳು.

ನನ್ನ ಕೆಲಸ ಗಾಳಿಯಂತ್ರಗಳ ದುರಸ್ತಿ. ಗದಗ, ಶಿರಹಟ್ಟಿ, ಮುಂಡರಗಿಗಳ ನಡುವೆ ಕಪ್ಪತಗುಡ್ಡದ ಸಾಲು ಮಲಗಿದೆ. ಅದರ ಬೆನ್ನಿನ ಮೇಲೂ ಸುತ್ತಲಿನ ದಿಬ್ಬಗಳ ಮೇಲೂ ಮೂರು ರೆಕ್ಕೆಯ ಕಂಬಗಳು ತಿರುಗುತ್ತವೆ. ಇಲ್ಲಿಯವರು ಅದನ್ನು ಫ್ಯಾನು ಎನ್ನುತ್ತಾರೆ, ನನ್ನನ್ನು ಫ್ಯಾನಿನ ಸಾಹೇಬ್ರು ಎನ್ನುತ್ತಾರೆ. ಗದಗ ಜಿಲ್ಲೆಯಾಗಿ ಎಷ್ಟೋ ವರ್ಷವಾಗಿದ್ದರೂ ನಮ್ಮ ಮನೆ ಮಾಲೀಕರಂಥ ಹಿರಿಯರಿಗೆ ಅದು ಇನ್ನೂ "ಹೊಸ ಜಿಲ್ಲಾ". ಹಾಗಾಗಿ ಬಂದ ಹೊಸತರಲ್ಲಿ ನನಗೊಂದು ಸಮಾಧಾನವಿತ್ತು: ಜಿಲ್ಲೆಯೇ ಹೊಸದಾಗಿರುವಾಗ ನಾನೊಬ್ಬ ಹೊಸಬನಾದರೇನು!

ನಮ್ಮ ಬಾಡಿಗೆ ಮನೆಗೆ ಇಳಿಜಾರಿನ ಮಾಡು ಇಲ್ಲ, ಹಂಚಿಲ್ಲ. ಸಪಾಟಾದ ಮಣ್ಣಿನ ಮಾಳಿಗೆ. ಜಲಜ ಮೊದಲ ದಿನವೇ ತಲೆಯೆತ್ತಿ ನೋಡಿ, "ಹೋಯ್, ಮಳಿ ನೀರ್ ಎಲ್ಲಿಗ್ ಹೋತ್ತ್?" ಎಂದು ಕೇಳಿದ್ದಳು. ಆ ವರ್ಷ ಹೋಗಲು ನೀರೇ ಇರಲಿಲ್ಲ. ಕುಚ್ಚಲಕ್ಕಿ ಊರಿನಿಂದ ಬಸ್ಸಿನಲ್ಲಿ ಬರಬೇಕಿತ್ತು. ಹೊಳೆಯ ಮೀನು ತಂದರೆ ಉಪ್ಪಿನ ವಾಸನೆಯೇ ಇಲ್ಲವೆಂದು ಅವಳು ಬಟ್ಟಲು ದೂರ ಸರಿಸುತ್ತಿದ್ದಳು. ಮಧ್ಯಾಹ್ನದ ಗಾಳಿ ಮಾಳಿಗೆಯ ಮೇಲೆ ಹಾದುಹೋಗುವಾಗ ಥೇಟ್ ಕಡಲಿನ ಸದ್ದು. ಆ ಸದ್ದು ಶುರುವಾದೊಡನೆ ಅವಳು ಅಡುಗೆಮನೆಯ ಗೋಡೆಗೆ ಒರಗಿ ಕೂತು ಅಳುತ್ತಿದ್ದಳು.

ಮಾತೂ ನಮಗೆ ಕೈಕೊಟ್ಟಿತು. ನಮ್ಮ ಕಡೆ "ಇತ್ತ್" ಎಂದರೆ "ಇದೆ" ಎಂದು ನಿಮಗೆ ಗೊತ್ತು. ಇಲ್ಲಿ ಪಕ್ಕದ ಮನೆಯ ಹೆಂಗಸು ಜಲಜಳನ್ನು, "ನಿಮ್ಮೂರಾಗ ಸಮುದ್ರ ಐತೇನ್ರಿ?" ಎಂದು ಕೇಳಿದರು.

"ಹೌದ್, ಇತ್ತ್," ಎಂದಳು ಜಲಜ.

ಅವರು ಗಾಬರಿಯಿಂದ, "ಯವ್ವಾ! ಈಗಿಲ್ಲೇನ್ರಿ?" ಎಂದರು.

ನನಗೂ ಅಂಥದೇ ಒಂದು ಪೆಟ್ಟು ಬಿತ್ತು. ನಮ್ಮಲ್ಲಿ ಓಣಿ ಎಂದರೆ ಎರಡು ಬದಿ ಆಳೆತ್ತರದ ಮಣ್ಣಿನ ದರೆ, ದರೆಯ ಮೇಲೆ ಬೇಲಿ, ಬೇಲಿಯ ಮೇಲೆ ಬಳ್ಳಿ, ನಡುವೆ ತಂಪಾದ ಸಣ್ಣ ದಾರಿ. ಸೌಪರ್ಣಿಕಾ ಹೊಳೆಯ ಬದಿಯ ಅಂಥ ಓಣಿಗಳಲ್ಲೇ ನಾನು ಸೈಕಲ್ ಕಲಿತದ್ದು. ಇಲ್ಲಿ ಒಬ್ಬರ ಹತ್ತಿರ, "ಹೊಳೆಗೆ ಹೋಗುವ ಓಣಿ ಎಲ್ಲಿ?" ಎಂದು ಕೇಳಿದರೆ, "ಯಾವ ಓಣ್ಯಾಗ, ಯಾರ ಮನಿ ಬೇಕ್ರಿ?" ಎಂದರು. ಇಲ್ಲಿ ಓಣಿ ಎಂದರೆ ಮನೆಗಳ ಬೀದಿ. ನಾನು ಹುಡುಕುತ್ತಿದ್ದ ವಸ್ತುವಿಗೆ ಈ ಊರಿನಲ್ಲಿ ಹೆಸರೇ ಇರಲಿಲ್ಲ.

ಆದರೂ ಒಂದು ವಿಷಯದಲ್ಲಿ ನಾನು ಸುಖಿ. ಊರಿನಿಂದ ತಂದ ನನ್ನ ಸೈಕಲ್ಲು ಗ್ರಾವೆಲ್ ಬೈಕ್ ಎಂಬ ಜಾತಿಯದು, ಗರಸಿನಂಥ ದಾರಿಗೆಂದೇ ಮಾಡಿದ್ದು. ದಪ್ಪ ಟೈರು, ಹಗುರ ಮೈ, ಮುಂದಕ್ಕೆ ಬಂದು ಕೆಳಕ್ಕೆ ಸುರುಳಿ ಹೊಡೆದ ಹ್ಯಾಂಡಲ್ಲು. ಆ ಹ್ಯಾಂಡಲ್ಲನ್ನು ನೋಡಿ ಊರಿನವರು ಅದಕ್ಕೆ ಟಗರ ಸೈಕಲ್ ಎಂದು ಹೆಸರಿಟ್ಟರು. ಗಾಳಿಯಂತ್ರದ ಭಾರಿ ರೆಕ್ಕೆಗಳನ್ನು ಸಾಗಿಸಲು ದಿಬ್ಬಗಳ ಮೇಲೆ ಹಾಕಿದ ಗರಸಿನ ದಾರಿಗಳು ನನ್ನ ಪಾಲಿಗೆ ಸಿಕ್ಕ ಆಸ್ತಿ. ಬೆಳಿಗ್ಗೆ ಡ್ಯೂಟಿಗೆ ಮುಂಚೆ ಒಂದು ಸುತ್ತು, ರಜೆಯ ದಿನ ಡಂಬಳದ ಕೆರೆಯ ತನಕ, ಕೆಲವೊಮ್ಮೆ ಗುಡ್ಡ ಬಳಸಿ ಶಿರಹಟ್ಟಿಯ ಕಡೆಗೆ. ನಮ್ಮಲ್ಲಿ ಹತ್ತು ಮಾರಿಗೊಂದು ತಿರುವು, ಮುಂದೇನಿದೆ ಎಂದು ಕಾಣದು. ಇಲ್ಲಿ ಒಂದು ಗಂಟೆಯ ನಂತರ ಎಲ್ಲಿರುತ್ತೇನೆ ಎನ್ನುವುದು ಈಗಲೇ ಕಾಣುತ್ತದೆ. ಮೇಲೇರಿದರೆ ಒಂದು ಕಡೆ ಕಪ್ಪು ಎರಿ, ಇನ್ನೊಂದು ಕಡೆ ಮಸಾರಿ ಎಂಬ ಕೆಂಪು ಹೊಲ, ದೂರದಲ್ಲಿ ಹೊಳೆ ಬೆಳಗುವ ಒಂದು ಗೆರೆ. ಟೈರಿನಡಿ ಗರಸು ಹುರಿಗಡಲೆ ಜಗಿದಂತೆ ಸದ್ದು ಮಾಡುತ್ತದೆ.

ಸಂಜೆ ಮನೆಗೆ ಬಂದು ಇದನ್ನೆಲ್ಲ ಜಲಜಳಿಗೆ ಹೇಳುತ್ತಿದ್ದೆ. ಅವಳು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳು. ಪೇಟೆಗೆ ಹೋಗಬೇಕೆಂದರೂ ನಾನೇ ಜೊತೆಗೆ ಬೇಕು. ಯಾರಾದರೂ ಬಾಗಿಲಿಗೆ ಬಂದರೆ ಅವಳು ನನ್ನ ಮುಖ ನೋಡುತ್ತಿದ್ದಳು, ನಾನು ಅವಳ ಪರವಾಗಿ ಮಾತಾಡುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಅವಳ ಅಳು ನನಗೆ ಬೇಸರ ತರುತ್ತಿತ್ತು, ಆದರೆ ಅವಳಿಗೆ ನಾನೊಬ್ಬನೇ ದಿಕ್ಕು ಎನ್ನುವುದು ಇಷ್ಟವಾಗುತ್ತಿತ್ತು.

ಎರಡನೆಯ ವರ್ಷ ಅವಳು ರವಿಕೆ ಹೊಲಿಸಲು ಮುಮತಾಜ್ ಎಂಬವರ ಹತ್ತಿರ ಹೋದಳು. ಮುಮತಾಜ್ ನಲವತ್ತೈದರ ಆಸುಪಾಸಿನ ಹೆಂಗಸು. ನಮ್ಮ ಹಿಂದಿನ ಓಣಿಯಲ್ಲಿ ಅವರ ಹೊಲಿಗೆ ಅಂಗಡಿ. ವಾರಕ್ಕೆರಡು ದಿನ ಅಂಗಡಿ ಮುಚ್ಚಿ, ಹೊಲಿದ ಬಟ್ಟೆಯ ಗಂಟನ್ನು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು ಹೊಳೆದಂಡೆಯ ಹಳ್ಳಿಗಳಿಗೆ ಹೋಗುತ್ತಿದ್ದರು. ಹೊಲಿದದ್ದನ್ನು ಕೊಟ್ಟು, ಹೊಸ ಅಳತೆ ತೆಗೆದುಕೊಂಡು ಬರುವುದು.

"ಅವ್ರ ಒಟ್ಟಿಗ್ ಒಂದ್ ದಿನ ಹೋಯ್ ಬತ್ತೆ," ಎಂದಳು ಜಲಜ. ಅವಳಿಗೂ ಸೈಕಲ್ ಬರುತ್ತಿತ್ತು. ಹೈಸ್ಕೂಲಿಗೆ ಅದರಲ್ಲೇ ಹೋದವಳು. ನನಗೆ ಸಂತೋಷವೇ ಆಯಿತು. ಯಾರೋ ಉಪಯೋಗಿಸಿ ಬಿಟ್ಟಿದ್ದ ಲೇಡೀಸ್ ಸೈಕಲ್ಲೊಂದನ್ನು ಹುಡುಕಿ, ಬೇರಿಂಗಿಗೆ ಗ್ರೀಸ್ ತುಂಬಿ, ಬ್ರೇಕು ಸರಿಮಾಡಿ ನಾನೇ ಕೊಟ್ಟೆ.

ಒಂದು ದಿನ ವಾರಕ್ಕೆರಡು ದಿನವಾಯಿತು. ಆರು ತಿಂಗಳಲ್ಲಿ ನಮ್ಮ ಮನೆಯ ಬಾಗಿಲಿನ ಲೆಕ್ಕವೇ ಬದಲಾಯಿತು. ಬಂದವರು ನನ್ನನ್ನು ನೋಡಿ, "ಅಕ್ಕಾರು ಅದಾರೇನ್ರಿ?" ಎಂದು ಒಳಗೆ ಇಣುಕುತ್ತಿದ್ದರು. ಶೇಂಗಾ, ಪುಂಡಿಪಲ್ಲೆ, ಬಿಳಿಜೋಳದ ಸೀತನಿ ಚೀಲದಲ್ಲಿ ಬರತೊಡಗಿದವು. ಸೀತನಿ ಎಂದರೆ ಹಾಲುಗಾಳಿನ ಎಳೆ ತೆನೆಯನ್ನು ಸುಟ್ಟು ಉದುರಿಸಿದ ಕಾಳು, ನಿಮಗೆ ಒಮ್ಮೆ ತಿನ್ನಿಸಬೇಕು. ಜಲಜ ರೊಟ್ಟಿ ಬಡಿಯಲು ಕಲಿತಳು. ಬಡಿಯುವ ಸದ್ದು ಕೇಳಿದರೆ ಪಕ್ಕದ ಮನೆಯದೋ ನಮ್ಮ ಮನೆಯದೋ ಎಂದು ತಿಳಿಯುತ್ತಿರಲಿಲ್ಲ.

ಒಂದು ಸಂಜೆ ಅವಳು ತಾಯಿಯ ಜೊತೆ ಫೋನಿನಲ್ಲಿ ಮಾತಾಡುತ್ತ, "ಆತು, ಇಡ್ತೀನಿ" ಎಂದಳು.

"ಎಂತ ‘ಆತು’? ಆಯ್ತ್ ಅನ್ನು. ನಿನ್ನ ಅಬ್ಬೆಗೆ ಅರ್ಥ ಆಗ್ಬೇಡ್ದಾ?" ಎಂದು ರೇಗಿದೆ.

ಅವಳು ನಗುತ್ತ, "ಇವ್ರೂ ನಮ್ಮಂಗೇ ಮನಿ ಅಂಬ್ರ್, ಮಳಿ ಅಂಬ್ರ್. ನೀವ್ ಕೇಂಡೇ ಇಲ್ಯಾ?" ಎಂದಳು.

ನಾನು ಕೇಳಿಸಿಕೊಂಡೇ ಇರಲಿಲ್ಲ. ಎರಡು ವರ್ಷ ನನಗೆ ನಮ್ಮ ಮಾತಿಗೂ ಇವರ ಮಾತಿಗೂ ಇರುವ ದೂರವಷ್ಟೇ ಕೇಳಿಸಿತ್ತು. ಅವಳಿಗೆ ಹತ್ತಿರ ಕೇಳಿಸಿತ್ತು.

ಅದಾದ ಮೇಲೆ ಒಂದು ಭಾನುವಾರ ನಾನೊಬ್ಬನೇ ಕೊರ್ಲಹಳ್ಳಿಯ ಕಡೆ ಹೊರಟು, ಹೊಳೆದಂಡೆಯ ಗುರುತಿಲ್ಲದ ಒಂದು ಚಕ್ಕಡಿ ದಾರಿಗೆ ಇಳಿದೆ. ಅರ್ಧ ದಾರಿಯಲ್ಲಿ ಜಾಲಿಮುಳ್ಳು ಚುಚ್ಚಿ ಟೈರು ಕೂತಿತು. ತೇಪೆ ಹಾಕಲು ನೆರಳು ಹುಡುಕುತ್ತಿರುವಾಗ ತೋಟದ ಮನೆಯಿಂದ ಅಜ್ಜಿಯೊಬ್ಬರು ಹೊರಗೆ ಬಂದು ಸೈಕಲ್ಲನ್ನು ನೋಡಿ, ನನ್ನನ್ನು ನೋಡಿ, "ನೀವು ಜಲಜಕ್ಕಾರ ಮನಿಯವ್ರು ಹೌದಲ್ರಿ?" ಎಂದರು.

"ಹೌದು. ನಿಮಗೆ ಹೇಗೆ ಗೊತ್ತು?"

"ಟಗರ ಸೈಕಲ್ ಐತಿ ಅಂತ ಅಕ್ಕಾರು ಹೇಳ್ಯಾರ್ರಿ. ಬರ್ರಿ, ಕುಂಡ್ರಿ. ಮಜ್ಜಿಗಿ ಕುಡೀರಿ ಮೊದಲ."

ಆ ಕ್ಷಣದವರೆಗೆ ಈ ಸೀಮೆಯ ದಾರಿಗಳನ್ನು ನಮ್ಮ ಮನೆಯಲ್ಲಿ ನಾನೇ ಬಲ್ಲವನು ಎಂದುಕೊಂಡಿದ್ದೆ. ಮಜ್ಜಿಗೆ ಕುಡಿಯುತ್ತ, ಜಲಜ ಇಲ್ಲಿಗೆ ಬರುತ್ತಾಳೆಯೇ ಎಂದು ಕೇಳಿದೆ.

"ತಿಂಗಳದಾಗ ಎರಡ ಸರೆ ಬರ್ತಾರ್ರಿ, ಮುಮತಾಜಕ್ಕನ ಜೋಡಿ. ಹೋಗುವಾಗ ಆ ಬೇಲಿ ಸಂದ್ಯಾಗ ಹಾದು ಹೋಗ್ತಾರ. ಭಾಳ ಛಲೋ ಅನಸ್ತೈತಂತ ಅವ್ರಿಗೆ. ನಿಮ್ಮೂರಾಗ ಇಂಥಾದಕ್ಕ ಓಣಿ ಅಂತಾರಂತಲ್ರಿ?"

ಅವರು ಕೈಮಾಡಿದ ಕಡೆ ನೋಡಿದೆ. ಎರಡು ತೋಟಗಳ ನಡುವೆ ಹೊಳೆಯ ಕಡೆಗೆ ಇಳಿಯುವ ಸಣ್ಣ ದಾರಿ. ಎರಡು ಬದಿ ಎತ್ತರದ ಮಣ್ಣೊಡ್ಡು, ಅದರ ಮೇಲೆ ಕಳ್ಳಿ, ಲಂಟಾನ, ದಾಸವಾಳ ಹೆಣೆದ ಜೀವಂತ ಬೇಲಿ. ಮೇಲೆ ತೊಂಡೆಬಳ್ಳಿ ಹಬ್ಬಿ ಒಳಗೆಲ್ಲ ನೆರಳು. ಎರಡು ವರ್ಷ ದಿಬ್ಬ ದಿಬ್ಬ ಅಲೆದು ನಾನು ಹುಡುಕುತ್ತಿದ್ದುದು ಅಲ್ಲಿತ್ತು. ನನಗಿಂತ ಮೊದಲು ಜಲಜ ಅದನ್ನು ಕಂಡಿದ್ದಳು. ಕಂಡದ್ದಲ್ಲದೆ ನಮ್ಮ ಮಾತನ್ನು ಅದಕ್ಕೆ ಇಟ್ಟಿದ್ದಳು, ಇಟ್ಟು ಇವರಿಗೆ ಕೊಟ್ಟೂ ಬಿಟ್ಟಿದ್ದಳು. ನಾನು ಆ ಮಾತು ಆಡಿದಾಗ ಯಾರ ಮನೆ ಬೇಕೆಂದು ಕೇಳಿದ್ದರು. ಅವಳು ಆಡಿದಾಗ ಅದು ಅಜ್ಜಿಯ ಬಾಯಿಗೇ ಬಂದಿತ್ತು.

ಹೊಟ್ಟೆ ಉರಿಯುವುದು ಎನ್ನುತ್ತೇವಲ್ಲ, ಅದು ಬರೀ ಮಾತಲ್ಲ. ಆ ದಾರಿಗೆ ಇಳಿಯದೆ, ತೇಪೆ ಹಾಕಿ ಬಂದ ದಾರಿಯಲ್ಲೇ ತಿರುಗಿದೆ.

ಮನೆಗೆ ಬಂದು, "ಹೊಳೆ ಬದಿ ಓಣಿ ಇರುವುದನ್ನು ನನಗೇಕೆ ಹೇಳಲಿಲ್ಲ?" ಎಂದು ಕೇಳಿದೆ.

"ಎರಡ್ ಸಲ ಹೇಳಿದ್ದೆ," ಎಂದಳು. "ಒಂದ್ ಸಲ ನೀವ್ ಟೈರಿಗೆ ಗಾಳಿ ಹಾಕ್ತಿದ್ರಿ. ಇನ್ನೊಂದ್ ಸಲ ನಿಮ್ದೇ ದಾರಿ ಕತಿ ಹೇಳ್ತಿದ್ರಿ."

ಮುಂದಿನ ಸಲ ನಾನೂ ಜೊತೆಗೆ ಬರುತ್ತೇನೆ ಎಂದೆ. ಹೋದೆ. ಅವರಿಬ್ಬರೂ ಮುಂದೆ, ನಾನು ಹಿಂದೆ. ಊರು ದಾಟುವಷ್ಟರಲ್ಲೇ ಮೂರು ಕಡೆ ನಿಂತರು. ಒಂದು ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ಕೈಬೀಸಿದರೆಂದು ನಿಂತರು. ಇನ್ನೊಂದು ಕಡೆ ಬಾಣಂತಿಯನ್ನು ಮಾತಾಡಿಸಲು ಒಳಗೇ ಹೋದರು. ನಾನು ಹೊರಗೆ ಬಿಸಿಲಲ್ಲಿ ಗಂಟೆ ನೋಡುತ್ತ ನಿಂತೆ. ಯಾವ ಮನೆಯಲ್ಲೂ ನನಗೆ ಆಡಲು ಮಾತಿರಲಿಲ್ಲ. ಕಡೆಗೆ ತಡೆಯಲಾರದೆ, "ನಾನು ಮುಂದೆ ಹೋಗಿ ಹೊಳೆಯ ಸೇತುವೆಯ ಹತ್ತಿರ ನಿಂತಿರುತ್ತೇನೆ," ಎಂದು ಕೂಗಿ, ಗರಸಿನ ಇಳಿಜಾರಿನಲ್ಲಿ ಧೂಳೆಬ್ಬಿಸಿಕೊಂಡು ಹೋದೆ. ಅವರು ನೋಡಲಿ ಎಂದೇ ಅಷ್ಟು ಜೋರಾಗಿ ಹೋದದ್ದು.

ಸೇತುವೆಯ ಹತ್ತಿರ ಬಿಸಿಲಿಳಿಯುವ ತನಕ ಕಾದೆ. ಯಾರೂ ಬರಲಿಲ್ಲ. ಮನೆಗೆ ಬಂದರೆ ಜಲಜ ಆಗಲೇ ಬಂದು ಮುಖ ತೊಳೆದು ಕೂತಿದ್ದಳು.

"ನೀವ್ ಬ್ಯಾಸ್ರಾಯಿ ಮನಿಗ್ ಬಂದಿದ್ರಿ ಅಂದ್ಕಂಡೆ," ಎಂದಳು. "ನಮ್ಗೆ ಅಜ್ಜಿ ಮನೀಲೇ ಊಟ ಆಯ್ತ್."

ಅವಳು ಸುಳ್ಳು ಹೇಳಲಿಲ್ಲ, ಅಣಕಿಸಲೂ ಇಲ್ಲ. ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ಆ ವಾರವೇ ನಾನು ಮಾಡಬಾರದ್ದನ್ನು ಮಾಡಿದೆ. ನಮ್ಮ ಕಂಪನಿಯ ಮಂಗಳೂರು ಕಚೇರಿಯಲ್ಲಿ ಒಂದು ಜಾಗ ಖಾಲಿಯಿತ್ತು. ಅಲ್ಲಿಗೆ ವರ್ಗ ಬೇಕೆಂದು ಜಲಜಳಿಗೆ ತಿಳಿಸದೆ ಅರ್ಜಿ ಹಾಕಿದೆ. ಕಾರಣ ಬರೆಯಬೇಕಾದ ಜಾಗದಲ್ಲಿ, "ನನ್ನ ಪತ್ನಿಗೆ ಈ ಊರಿನ ಹವೆ ಒಗ್ಗದೆ ಆರೋಗ್ಯ ಕೆಟ್ಟಿದೆ, ಮನಸ್ಸು ಕುಗ್ಗಿದೆ, ಯಾರೊಂದಿಗೂ ಬೆರೆಯುತ್ತಿಲ್ಲ" ಎಂದು ಬರೆದೆ. ಬರೆಯುವಾಗ ಹೊರಗೆ ಕಟ್ಟೆಯ ಮೇಲೆ ಅವಳು ನಾಲ್ಕು ಹೆಂಗಸರ ನಡುವೆ ಕೂತು ಶೇಂಗಾ ಸುಲಿಯುತ್ತ ನಗುತ್ತಿದ್ದಳು. ಆ ನಗು ಕೇಳಿಸುತ್ತಿರುವಾಗಲೇ ಸಹಿ ಹಾಕಿದೆ.

ಒಂದು ತಿಂಗಳಿಗೆ ಕಚೇರಿಯಿಂದ ಫೋನು ಬಂತು. ನಾನು ಗುಡ್ಡದ ಮೇಲೆ ಯಂತ್ರದೊಳಗಿದ್ದುದರಿಂದ ನನ್ನ ಫೋನು ಸಿಗದೆ, ಮನೆಯ ನಂಬರಿಗೆ ಮಾಡಿದರು. ಎತ್ತಿದವಳು ಜಲಜ. "ಮೇಡಂ, ಈಗ ಆರೋಗ್ಯ ಹೇಗಿದೆ? ಚಿಂತೆ ಮಾಡಬೇಡಿ, ನಿಮ್ಮವರಿಗೆ ವರ್ಗ ಆಗಿದೆ" ಎಂದು ಅಲ್ಲಿಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ನಾನು ಸಂಜೆ ಬಂದಾಗ ಅವಳು ಜಗಲಿಯಲ್ಲಿ ಕೂತಿದ್ದಳು. ನೀರು ಕೊಟ್ಟಳು.

"ಹೋಯ್, ನಂಗೆ ಎಂತ ಕಾಯ್ಲಿ ಅಂಬ್ದ್ ನಂಗೇ ಗೊತ್ತಿಲ್ಲ. ನೀವಾರೂ ಹೇಳಿ."

ನಾನು ಲೋಟವನ್ನು ಕೆಳಗಿಟ್ಟೆ.

"ಸುರುವಿನ್ ವರ್ಷ ನಾನ್ ಅತ್ಕಂಡ್ ಕೂಕಂಡಿದ್ದೆ," ಎಂದಳು. "ಆಗ ನೀವ್ ಅರ್ಜಿ ಬರೀಲಿಲ್ಲ. ಈಗ ನಾನ್ ನೆಗಾಡ್ತೆ. ಈಗ ಬರದ್ರಿ. ಎಂತಕ್ಕೆ?"

ಹವೆ, ನೀರು, ಊರಿನಲ್ಲಿ ಅಣ್ಣನಿಗೆ ವಯಸ್ಸಾಗುತ್ತಿರುವುದು, ಹೀಗೆ ಕಾರಣಗಳು ನಾಲಗೆಯ ತುದಿಗೆ ಬಂದವು. ಅವಳ ಮುಖ ನೋಡಿ ಅವನ್ನೆಲ್ಲ ನುಂಗಿಕೊಂಡೆ.

"ಹೊಟ್ಟೆಕಿಚ್ಚು," ಎಂದೆ.

"ಯಾರ್ ಮೇಲೆ? ಮುಮತಾಜಕ್ಕನ್ ಮೇಲಾ?"

"ಅಲ್ಲ. ನಿನ್ನ ಮೇಲೆ."

ಅವಳು ಸಿಟ್ಟು ಮಾಡಿದ್ದರೆ ಸುಲಭವಾಗುತ್ತಿತ್ತು. ಎದ್ದು ಒಳಗೆ ಹೋಗಿ ಒಲೆ ಹೊತ್ತಿಸಿದಳು. ಅಂದಿನಿಂದ ಎಂಟು ದಿನ ನಮ್ಮ ಮನೆಯಲ್ಲಿ ಊಟಕ್ಕೆ ಕರೆಯುವಷ್ಟು ಮಾತು ಮಾತ್ರ.

ನಾಲ್ಕನೆಯ ದಿನ ನಾನು ಮುಮತಾಜರ ಅಂಗಡಿಗೆ ಹೋದೆ. ಅಲ್ಲಿಯವರೆಗೆ ನಾನು ಆ ಹೊಸ್ತಿಲು ತುಳಿದಿರಲಿಲ್ಲ. ಅವರು ಮಶೀನು ನಿಲ್ಲಿಸಿ ಸ್ಟೂಲು ಸರಿಸಿದರು.

"ಕುಂಡ್ರಿ ಅಣ್ಣಾರ. ನನ್ನ ಮ್ಯಾಲ ಸಿಟ್ಟಿಗೆದ್ದು ಬಂದೀರೇನು?"

"ಇಲ್ಲ."

"ಖರೆ ಹೇಳ್ರಿ."

"ಸ್ವಲ್ಪ ಇದೆ," ಎಂದೆ. ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಜೋರಾಗಿ ನಕ್ಕರು.

"ನಾನೂ ಈ ಊರಾಕಿ ಅಲ್ರಿ. ಲಕ್ಷ್ಮೇಶ್ವರದಾಕಿ. ಮದಿವ್ಯಾಗಿ ಬಂದಾಗ ಒಂದು ವರ್ಷ ಬಾಗಲಾ ದಾಟಿದ್ದಿಲ್ಲ. ಆಮ್ಯಾಗ ಈ ಸೈಕಲ್ ಏರಿದೆ. ಊರಾಗ ಎಲ್ಲಾರೂ ನನ್ನ ಹೆಸರು ಹಿಡದು ಕರಿಯಾಕ ಹತ್ತಿದ್ರು. ನಮ್ಮ ಮನಿಯವ್ರು ಇದ ಊರಾಗ ಹುಟ್ಟಿದವ್ರು, ಅವ್ರನ್ನ ಯಾರೂ ಹಂಗ ಕರದಿದ್ದಿಲ್ಲ. ಮೂರ ತಿಂಗಳ ನನ್ನ ಜೋಡಿ ಮಾತ ಬಿಟ್ಟಿದ್ರು."

"ಆಮೇಲೆ?"

"ಆಮ್ಯಾಗೇನ್ರಿ? ಒಂದಿನ ಮುಂಜಾನೆದ್ದು ನೋಡಿದ್ರ ಟೈರಿಗಿ ಗಾಳಿ ಹಾಕಿಟ್ಟಿದ್ರು. ಮಾತು ಭಾಳ ನಿಧಾನಕ್ಕ ಬಂತು."

"ಜಲಜ ಏನೆಂದಳು ನಿಮ್ಮ ಹತ್ತಿರ?" ಎಂದು ಕೇಳಿದೆ.

"ಅದನ್ನ ಅಕ್ಕಾರನ್ನ ಕೇಳ್ರಿ," ಎಂದು ಮತ್ತೆ ಪೆಡಲ್ಲಿನ ಮೇಲೆ ಕಾಲಿಟ್ಟರು. "ನಾ ಬಟ್ಟಿ ಹೊಲಿಯಾಕಿ. ಅವ್ರ ಖಬರ ಇವ್ರಿಗಿ ಒಯ್ಯಾಕಿ ಅಲ್ಲ."

ಅಲ್ಲಿಂದ ಬಂದವನೇ ಕಚೇರಿಗೆ ಇನ್ನೊಂದು ಪತ್ರ ಬರೆದೆ. ಪತ್ನಿಯ ಆರೋಗ್ಯ ಚೆನ್ನಾಗಿದೆ, ನಾನು ಬರೆದ ಕಾರಣ ಸುಳ್ಳು, ವರ್ಗ ಬೇಡ. ಮೇಲಧಿಕಾರಿ ಫೋನು ಮಾಡಿ ಚೆನ್ನಾಗಿ ಬೈದರು. ಆ ಜಾಗಕ್ಕೆ ಕಾಯುತ್ತಿದ್ದ ಬೇರೊಬ್ಬರ ಹೆಸರನ್ನು ನನಗಾಗಿ ಹಿಂದೆ ತಳ್ಳಿದ್ದರಂತೆ. ಇನ್ನು ಕೆಲವು ವರ್ಷ ನೀವು ಯಾವ ಅರ್ಜಿಯನ್ನೂ ತರಬೇಡಿ ಎಂದರು. ಮಾಡಿದ್ದಕ್ಕೆ ಅದು ಹೆಚ್ಚೇನಲ್ಲ. ಪತ್ರದ ಪ್ರತಿಯನ್ನು ಜಲಜಳ ಮುಂದಿಟ್ಟೆ. ಅವಳು ಓದಿ, ಮಡಚಿ, ಅಕ್ಕಿಯ ಡಬ್ಬಿಯ ಕೆಳಗಿಟ್ಟಳು.

"ಊರಿಗ್ ಹೋಪ್ಕೆ ನಂಗೂ ಆಸಿ ಇತ್ತ್," ಎಂದಳು. "ದಿನಾ ಇತ್ತ್. ಆದ್ರೆ ನೀವ್ ಕೇಣ್ಲಿಲ್ಲ."

ಇದು ನಾನು ಎಣಿಸಿಯೇ ಇರದ ಮಾತು. ಅವಳು ಇಲ್ಲಿಯವಳೇ ಆಗಿಹೋದಳೆಂದು ನಾನು ಉರಿಯುತ್ತಿದ್ದೆ. ಅವಳು ಮಾತ್ರ ಪ್ರತಿದಿನ ಕಡಲನ್ನು ನೆನೆಯುತ್ತ, ನೆನೆದೂ ಸೈಕಲ್ ಹತ್ತುತ್ತಿದ್ದಳು. ಇತ್ತ್ ಎಂದರೆ ನಮ್ಮಲ್ಲಿ ಇದೆ ಎಂದು ನಾನೇ ಮರೆತಿದ್ದೆ.

ನಾವು ಆ ಬೇಸಿಗೆಯಲ್ಲಿ ಹದಿನೈದು ದಿನ ಊರಿಗೆ ಬಂದಿದ್ದೆವು. ನಿಮ್ಮಲ್ಲಿ ಕೆಲವರು ನೋಡಿರಬಹುದು. ಮೂರು ದಿನ ಕಡಲ ಬದಿ ಕೂತೆವು, ಬೂತಾಯಿ ಮೀನು ತಿಂದೆವು. ನಾಲ್ಕನೆಯ ದಿನ ನಾನು ನನ್ನ ಹಳೆಯ ಓಣಿಗಳನ್ನು ಹುಡುಕಿಕೊಂಡು ಅಣ್ಣನ ಸೈಕಲ್ಲಿನಲ್ಲಿ ಹೋದೆ. ಒಂದು ಓಣಿಯ ದರೆಗಳನ್ನು ಜೆಸಿಬಿಯಿಂದ ಕಡಿದು ಕಾಂಕ್ರೀಟು ಹಾಕಿದ್ದರು. ಇನ್ನೊಂದು ಹಾಗೇ ಇತ್ತು. ಅದರೊಳಗೆ ಹೋಗುವಾಗ ಬೇಲಿ ನನ್ನನ್ನು ಎರಡು ಕಡೆಯಿಂದ ಒತ್ತಿದಂತಾಗಿ, ಮುಂದೇನೂ ಕಾಣದೆ ಉಸಿರು ಸಿಕ್ಕಿಕೊಂಡಿತು. ದಿಬ್ಬದ ಮೇಲಿನ ಆಕಾಶ ನೆನಪಾಯಿತು. ಮನೆಗೆ ಬಂದು ಅಣ್ಣನಿಗೆ, "ಬಿಸಿಲು ಭಾಳ ಐತಿ ಇವತ್ತು," ಎಂದೆ. ಬಾಯಿತಪ್ಪಿ ಬಂದದ್ದು. ಅಣ್ಣ ಪೇಪರಿನಿಂದ ತಲೆಯೆತ್ತಿ, "ನೀನ್ ಪೂರಾ ಘಟ್ಟದವ್ನಾದೆ ಮಾರಾಯ," ಎಂದ. ಜಲಜ ಅಲ್ಲಿ ಹದಿನೈದು ದಿನವೂ ಅಪ್ಪಟ ಕುಂದಾಪುರದ ಮಾತಾಡಿದಳು. ಒಂದು ಸಲವೂ ತಪ್ಪಲಿಲ್ಲ. ಅದಕ್ಕೂ ನನಗೆ ಹೊಟ್ಟೆಯುರಿಯಿತು. ಅವಳ ಹತ್ತಿರ ಎರಡು ಮಾತುಗಳೂ ಪೂರ್ತಿಯಾಗಿವೆ. ನನ್ನ ಹತ್ತಿರ ಎರಡೂ ಅರ್ಧರ್ಧ.

ಮುಂಡರಗಿಗೆ ತಿರುಗಿ ಬಂದ ಮೇಲೆ ಒಂದು ಬೆಳಿಗ್ಗೆ, "ನಿನ್ನ ಆ ದಾರಿಗೆ ನನ್ನನ್ನು ಕರೆದುಕೊಂಡು ಹೋಗುತ್ತೀಯಾ?" ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, "ಎಲ್ಲಾ ಕಡೀಗೂ ನಿಲ್ಕ್, ಗಂಟಿ ಕಾಂಬಾಂಗಿಲ್ಲ," ಎಂದಳು. ಎಲ್ಲ ಕಡೆಯೂ ನಿಲ್ಲಬೇಕು, ಗಂಟೆ ನೋಡುವಂತಿಲ್ಲ. ಒಪ್ಪಿದೆ.

ಏಳು ಕಡೆ ನಿಂತೆವು. ಮೂರನೆಯ ಮನೆಯಲ್ಲಿ ನನಗೂ ಒಂದು ಮಾತು ಸಿಕ್ಕಿತು. ಅವರ ಮಾಳಿಗೆಯ ಮೇಲಿನ ಟ್ಯಾಂಕಿನ ಪೈಪು ಸೋರುತ್ತಿತ್ತು, ಬಿಗಿ ಮಾಡಿಕೊಟ್ಟೆ. "ಫ್ಯಾನಿನ ಸಾಹೇಬ್ರಿಗೆ ಇದೂ ಬರ್ತೈತಲ್ಲ!" ಎಂದು ಆಶ್ಚರ್ಯಪಟ್ಟರು. ಅಜ್ಜಿಯ ತೋಟ ದಾಟಿ ಬೇಲಿಯ ದಾರಿಗಿಳಿದಾಗ ಜಲಜ ಮುಂದಿದ್ದಳು. ಮುಮತಾಜ್ ಕೊಟ್ಟುಕಳಿಸಿದ, ನ್ಯೂಸ್ ಪೇಪರಿನಲ್ಲಿ ಕಟ್ಟಿದ ರವಿಕೆಗಳ ಗಂಟು ಅವಳ ಕ್ಯಾರಿಯರಿನಲ್ಲಿ ಕುಣಿಯುತ್ತಿತ್ತು. ನೆರಳಿನೊಳಗೆ ಗರಸು ತಣ್ಣಗಿತ್ತು. ದಾಸವಾಳದ ಕೊಂಬೆ ಅವಳ ಹೆಗಲಿಗೆ ತಾಗಿ ತಿರುಗಿ ಬಂದು ನನ್ನ ಮುಖಕ್ಕೆ ಬಡಿಯಿತು.

"ಥೇಟ್ ನಮ್ಮ ಓಣಿ," ಎಂದೆ ಹಿಂದಿನಿಂದ.

"ಅಲ್ಲ," ಎಂದಳು ತಿರುಗಿ ನೋಡದೆ. "ನಮ್ಮನಿ ಓಣೀಲಿ ಹೀಂಗ್ ಒಣಗಿದ್ ಹುಲ್ಲಿನ್ ವಾಸ್ನಿ ಇಲ್ಲ. ಇದ್ ಬೇರೆ. ಬೇರೆ ಅಂದೇಳಿಯೇ ನಂಗ್ ಇಷ್ಟ."

ದಾರಿ ಮುಗಿದು ಹೊಳೆ ಕಂಡಿತು. ನೀರು ಅಗಲಕ್ಕೆ ನಿಂತಿತ್ತು. ಆಚೆ ದಡದ ಜೋಳದ ಹಸಿರು ನೀರಿನೊಳಗೂ ಇತ್ತು. ದಂಡೆಯಲ್ಲಿ ಕುರಿಗಳಿಗೆ ನೀರು ಕುಡಿಸುತ್ತಿದ್ದ ಮುದುಕರೊಬ್ಬರು ನಮ್ಮ ಸೈಕಲ್ಲುಗಳನ್ನು ನೋಡಿ ಹತ್ತಿರ ಬಂದರು. ಕುರಿ ಕಾಯುತ್ತ ದೂರದಿಂದ ಬಂದವರಿರಬೇಕು, ಜಲಜಳ ಪರಿಚಯವೂ ಅವರಿಗಿರಲಿಲ್ಲ.

"ಯಾವೂರ್ರಿ ನಿಮ್ದು?" ಎಂದು ಕೇಳಿದರು.

"ಮುಂಡರಗಿ," ಎಂದಳು ಜಲಜ.

"ಕುಂದಾಪುರ," ಎಂದೆ ನಾನು.

ಎರಡು ಮಾತೂ ಒಟ್ಟಿಗೇ ಬಿದ್ದವು. ಮುದುಕರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು.

"ಗಂಡ-ಹೆಂಡ್ತಿ ಹೌದಲ್ರಿ?"

"ಹೌದ್ರಿ," ಎಂದಳು ಜಲಜ.

"ಮತ್ತ ಒಂದ ಮನ್ಯಾಗ ಎರಡ ಊರಾ?"

ಜಲಜ ನಕ್ಕಳು. ಮುದುಕರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ನನ್ನ ಮನಸ್ಸು, ಅವಳು ಒಂದಿಷ್ಟೂ ತಡವರಿಸದೆ ಹೇಗೆ ಮುಂಡರಗಿ ಎಂದಳು ಎಂದು ಲೆಕ್ಕ ಹಾಕುತ್ತಿತ್ತು.